ಬಾಚದ ಒಂದು ದಿನ

ಚಿಕ್ಕಮ್ಮನ ವಾರ್ಡಿನ ಗೋಡೆಯಲ್ಲಿ ಮೂವತ್ತೆರಡು ಮೊಳೆ ಹೊಡೆದ ಮರದ ಹಲಗೆಯೊಂದಿತ್ತು. ಒಂದೊಂದು ಮೊಳೆಗೆ ಒಂದೊಂದು ಬಾಚಣಿಗೆ. ಪ್ರತಿ ಬಾಚಣಿಗೆಯ ತುದಿಯಲ್ಲಿ ಕಾಸಿದ ಸೂಜಿಯಿಂದ ಕೊರೆದ ತೂತು, ತೂತಿಗೆ ಕಟ್ಟಿದ ಬಣ್ಣದ ದಾರ. ಬಣ್ಣ ಸಾಲದೆ ಎರಡೆರಡು ದಾರ ಸೇರಿಸಿ ಹೊಸೆದದ್ದೂ ಇತ್ತು. ಹಾಸಿಗೆಯ ನಂಬರು ಬರೆದರೆ ಸಾಕಿತ್ತಲ್ಲ, ಇಷ್ಟೊಂದು ದಾರದ ರಗಳೆ ಯಾಕೆ ಎಂದು ನಾನೊಮ್ಮೆ ಕೇಳಿದ್ದೆ.

"ನಂಬರು ನಂಗೆ ಬೇಕು ಕಣೇ, ಅವರಿಗಲ್ಲ," ಎಂದಿದ್ದರು. "ಒಂಬತ್ತನೇ ಹಾಸಿಗೆಯವಳಿಗೆ ತನ್ನ ಹೆಸರೇ ನೆನಪಿಲ್ಲ. ಆದ್ರೆ ಹಸಿರು ದಾರ ಇನ್ನೊಬ್ಬಳ ಕೂದಲು ಮುಟ್ಟಲಿ ನೋಡು, ಇಡೀ ವಾರ್ಡನ್ನೇ ತಲೆ ಮೇಲೆ ಹೊತ್ಕೋತಾಳೆ."

ಅದು ದೊಡ್ಡ ಆಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಕೋಣೆಗೆ ಅಂಟಿಕೊಂಡಂತಿದ್ದ ಹೆಂಗಸರ ವಾರ್ಡು. ಗುಣವಾಗಿ ಮನೆಗೆ ಹೋಗುವವರು ಅಲ್ಲಿಗೆ ಬರುತ್ತಿರಲಿಲ್ಲ. ಕೈಕಾಲು ಬಿದ್ದವರು, ಬುದ್ಧಿ ಮಸುಕಾದವರು, ಕೇಳುವವರಿಲ್ಲದವರು ಬರುತ್ತಿದ್ದರು. ಬಂದವರು ವರ್ಷಗಟ್ಟಲೆ ಇರುತ್ತಿದ್ದರು. ಚಿಕ್ಕಮ್ಮ ಅಲ್ಲಿ ಇಪ್ಪತ್ತೇಳು ವರ್ಷ ಆಯಾ ಆಗಿದ್ದರು. ಹಾಸಿಗೆ ಒರೆಸುವುದು, ಮೈ ಒರೆಸುವುದು, ಊಟ ತಿನ್ನಿಸುವುದು ಎಲ್ಲವೂ ಅವರ ಕೆಲಸವೇ. ಆದರೆ ಆಸ್ಪತ್ರೆಯಲ್ಲಿ ಅವರಿಗೆ ಇದ್ದ ಹೆಸರು ಬಾಚಣಿಗೆಮ್ಮ.

ಉಳಿದ ವಾರ್ಡುಗಳಲ್ಲಿ ಕೂದಲಿನ ಗೋಜೇ ಇರಲಿಲ್ಲ. ಸೇರಿಸಿಕೊಂಡ ದಿನವೇ ಮಷೀನು ಹಿಡಿದು ಕ್ರಾಪು ಹೊಡೆದುಬಿಡುತ್ತಿದ್ದರು. ಚಿಕ್ಕಮ್ಮ ಕೆಲಸಕ್ಕೆ ಸೇರಿದ ಎರಡನೆಯ ತಿಂಗಳಲ್ಲೇ ಆಗಿನ ಸೂಪರಿಂಟೆಂಡೆಂಟರ ಎದುರು ನಿಂತು, "ಈ ಹೆಂಗಸರ ಹತ್ರ ತಮ್ಮದು ಅಂತ ಇನ್ನೇನುಳಿದಿದೆ ಸಾರ್? ಬಟ್ಟೆ ನಿಮ್ದು, ತಟ್ಟೆ ನಿಮ್ದು. ಕೂದಲೊಂದನ್ನ ಬಿಟ್ಟುಬಿಡಿ, ನಾನು ನೋಡ್ಕೋತೀನಿ," ಎಂದಿದ್ದರಂತೆ. ಅವರು ನಕ್ಕು ಒಂದು ಷರತ್ತು ಹಾಕಿದರು: ತಿಂಗಳ ತಪಾಸಣೆಯಲ್ಲಿ ಒಂದೇ ಒಂದು ಹೇನು ಸಿಕ್ಕರೂ, ಕೊಳಕೆಂದು ಒಂದೇ ಒಂದು ದೂರು ಬಂದರೂ ಮಷೀನು. ಅಂದಿನಿಂದ ಅವರು ಬೆಳಗಿನ ಪಾಳಿಗೆ ಒಂದು ಗಂಟೆ ಮೊದಲೇ ಹೋಗತೊಡಗಿದರು. ಹಾಗೆ ಹೋಗು ಎಂದು ಯಾರೂ ಹೇಳಿರಲಿಲ್ಲ. ಹೋಗುತ್ತಾರೆಂದು ಯಾರಿಗೂ ಗೊತ್ತೂ ಇರಲಿಲ್ಲ. ಎಂಟು ಗಂಟೆಗೆ ಡಾಕ್ಟರು ಬರುವ ಹೊತ್ತಿಗೆ ಮೂವತ್ತೆರಡು ತಲೆಗಳೂ ಬೈತಲೆ ತೆಗೆದು, ಹೆಣೆದು, ಒಪ್ಪವಾಗಿ ಕೂತಿರುತ್ತಿದ್ದವು.

ಚಿಕ್ಕಮ್ಮ ನಮ್ಮವರ ತಾಯಿಯ ತಂಗಿ. ನನ್ನ ಅತ್ತೆ ತೀರಿಕೊಂಡಾಗ ನಮ್ಮವರಿಗೆ ಏಳು ವರ್ಷ, ನಾದಿನಿಗೆ ಮೂರು. ಚಿಕ್ಕಮ್ಮ ತಮ್ಮ ಮದುವೆಯ ಮಾತುಕತೆಯನ್ನು ಅರ್ಧಕ್ಕೆ ಬಿಟ್ಟು ಬಂದು ಈ ಮನೆಯ ಒಲೆ ಹಚ್ಚಿದರು. ಮತ್ತೆ ಯಾರೂ ಆ ಮಾತು ಎತ್ತಲಿಲ್ಲ, ಅವರೂ ನೆನಪಿಸಲಿಲ್ಲ. ನಾದಿನಿಯನ್ನು ಶಾಲೆಗೆ ಸೇರಿಸಿದ ಮೇಲೆ ಆಸ್ಪತ್ರೆಯ ಕೆಲಸ ಹಿಡಿದರು. ಅವಳು ದೊಡ್ಡವಳಾದ ಮೇಲೆ ಅದೇ ಆಸ್ಪತ್ರೆಯ ನರ್ಸಿಂಗ್ ಶಾಲೆಗೆ ಸೇರಿಸಿದರು. ನಾಲ್ಕು ವರ್ಷದ ಹಿಂದೆ ಅವಳು ಅದೇ ವಾರ್ಡಿಗೆ ಇನ್‌ಚಾರ್ಜ್ ನರ್ಸಾಗಿ ಬಂದಾಗ ಚಿಕ್ಕಮ್ಮನ ಕಾಲು ನೆಲದ ಮೇಲಿರಲಿಲ್ಲವಂತೆ. ವಾರ್ಡಿನಲ್ಲಿ ಅವಳನ್ನು "ಸಿಸ್ಟರ್" ಎಂದು ಕರೆದು, ಬಾಗಿಲು ದಾಟಿದ ಕೂಡಲೇ "ಏನೇ, ತಿಂಡಿ ತಿಂದ್ಯಾ?" ಎನ್ನುತ್ತಿದ್ದರು.

ಅವರ ಕೈಯ ಕೆಲಸ ನನಗೆ ಗೊತ್ತಾದದ್ದು ನನ್ನ ತಲೆಯಿಂದಲೇ. ಮಗಳು ಹುಟ್ಟಿದ ಮೇಲೆ ಮೂರು ವಾರ ನಾನು ಬಾಚಣಿಗೆ ಮುಟ್ಟಿರಲಿಲ್ಲ. ಕೂದಲು ಸಿಕ್ಕುಗಟ್ಟಿತ್ತು. ಕತ್ತರಿಸಿಬಿಡೋಣವೆಂದು ಕತ್ತರಿ ಹುಡುಕುತ್ತಿದ್ದೆ. ಚಿಕ್ಕಮ್ಮ ಕೈಹಿಡಿದು ಕೂರಿಸಿಕೊಂಡರು.

"ಬುಡದಿಂದ ಬಾಚಬಾರ್ದು ಮಗಾ, ತುದಿಯಿಂದ ಹತ್ತಬೇಕು. ಸಿಕ್ಕಿನ ಮೇಲುಗಡೆ ಕೂದಲನ್ನ ಹೀಗೆ ಮುಷ್ಟೀಲಿ ಬಿಗಿ ಹಿಡಿ. ಎಳೆತ ಎಲ್ಲ ನನ್ನ ಕೈಗೆ ಬರುತ್ತೆ, ನಿನ್ನ ನೆತ್ತಿಗೆ ಹೋಗಲ್ಲ. ನೋಯ್ತಾ?"

ನೋಯಲಿಲ್ಲ. ಒಂದೂವರೆ ಗಂಟೆ ಕೂತಿದ್ದೆ. ಮಗಳು ನನ್ನ ಮಡಿಲಲ್ಲೇ ನಿದ್ದೆ ಹೋಗಿದ್ದಳು. ನಾದಿನಿ ಬಂದವಳು ಬಾಗಿಲಲ್ಲೇ ನಿಂತು ನಕ್ಕಳು. "ಏನತ್ತಿಗೆ, ಪೂರ್ತಿ ಅನ್‌ಕೆಂಪ್ಟ್ ಆಗ್ಬಿಟ್ಟಿದೀರ!"

"ಹಾಗಂದ್ರೆ?"

"ನಮ್ಮ ನರ್ಸಿಂಗ್ ಟೀಚರ್ ಬಯ್ತಿದ್ದ ಮಾತು. ಕೊಳಕಿ ಅನ್ನೋದನ್ನ ಮರ್ಯಾದೆ ಕೊಟ್ಟು ಹೇಳೋದು."

ನಾವು ಮೂವರೂ ನಕ್ಕೆವು.

ಈ ವರ್ಷ ಹೊಸ ಸೂಪರಿಂಟೆಂಡೆಂಟರು ಬಂದರು. ಮೇಲಿನಿಂದ ತಪಾಸಣೆಯ ತಂಡ ಬರುತ್ತದೆಂದು ಸುದ್ದಿಯಾಯಿತು. ಅದಕ್ಕೂ ಎರಡು ದಿನ ಮೊದಲು, ಮಂಗಳವಾರ, ನಾದಿನಿ ಮನೆಗೆ ಬಂದಳು. ನಾನು ಬಚ್ಚಲಲ್ಲಿ ಮಗಳಿಗೆ ಸ್ನಾನ ಮಾಡಿಸುತ್ತಿದ್ದೆ. ನೀರಿನ ಸದ್ದು, ಮಗಳ ಕಿರುಚಾಟದ ನಡುವೆ ಅವರಿಬ್ಬರ ಮಾತು ಕೇಳಲಿಲ್ಲ. ಅವಳು ಹೋದ ಮೇಲೆ ಚಿಕ್ಕಮ್ಮ ಒಣಗಿದ ಟವೆಲ್ಲು ತಂದುಕೊಡುತ್ತಾ ಒಂಥರಾ ಮುಖ ಮಾಡಿಕೊಂಡಿದ್ದರು.

"ಗುರುವಾರ ಬಾಚಬೇಡ ಅಂತಾಳೆ."

"ಯಾಕಂತೆ?"

"ಯಾವಾಗ್ಲೂ ಎಲ್ಲ ಒಪ್ಪವಾಗಿದ್ರೆ ಒಬ್ಬಳೇ ಸಾಕಲ್ಲ ಅಂದ್ಕೋತಾರಂತೆ. ಒಂದಿನ ಕೆದರಿದ ತಲೆ ನೋಡ್ಲಿ, ಆಗ ಇನ್ನೊಬ್ಬ ಆಯಾನ ಕೊಡ್ತಾರೆ ಅಂತಾಳೆ. ನಿನ್ನ ಸೊಂಟ ನೋವು ನೋಡೋಕಾಗಲ್ಲ ಚಿಕ್ಕಮ್ಮ ಅಂದ್ಳು." ಆಮೇಲೆ ತಾವೇ ನಕ್ಕರು. "ಚಿಕ್ಕವಳಿದ್ದಾಗ ಒಂದು ಲೋಟ ನೀರು ತಂದುಕೊಟ್ಟವಳಲ್ಲ. ಈಗ ನನ್ನ ಸೊಂಟದ ಚಿಂತೆ!"

ಅವರ ದನಿಯಲ್ಲಿ ಅನುಮಾನಕ್ಕಿಂತ ಹಿಗ್ಗೇ ಹೆಚ್ಚಿತ್ತು. ನಾನು ಅಂದು ದಿನಚರಿಯಲ್ಲಿ ಮಗಳ ಎರಡನೆಯ ಹಲ್ಲು ಕಂಡದ್ದನ್ನು ಬರೆದೆ. ಅದರ ಕೆಳಗೆ ಹೀಗೆ ಬರೆದೆ: "ಗುರುವಾರ ಬಾಚಬೇಡ ಎಂದು ನಾದಿನಿ ಚಿಕ್ಕಮ್ಮನಿಗೆ ಹೇಳಿ ಹೋದಳು. ಇನ್ನೊಬ್ಬ ಆಯಾ ಸಿಗಬಹುದಂತೆ. ಸಿಕ್ಕರೆ ಚಿಕ್ಕಮ್ಮ ಬೆಳಿಗ್ಗೆ ಒಂದು ಗಂಟೆ ಹೆಚ್ಚು ಮಲಗಬಹುದು."

ಗುರುವಾರ ಸಂಜೆ ಮನೆಗೆ ಬಂದ ಚಿಕ್ಕಮ್ಮ ಚಪ್ಪಲಿ ಬಿಡುವ ಜಾಗದಲ್ಲೇ ಕೂತುಬಿಟ್ಟರು. "ಬರೀ ಕೈಯಲ್ಲಿ ಇಡೀ ಬೆಳಿಗ್ಗೆ ಕೂತಿದ್ದೆ. ಒಂಬತ್ತನೆಯವಳು ತಾನೇ ಎದ್ದು ಹೋಗಿ ಹಸಿರು ದಾರದ ಬಾಚಣಿಗೆ ತಂದು ನನ್ನ ಕೈಗಿಟ್ಟಳು. ನಾಳೆ ಕಣೇ ಅಂದೆ. ಅವಳಿಗೆ ನಾಳೆ ಅನ್ನೋದೇ ಗೊತ್ತಿಲ್ಲ. ನನ್ನ ಬೆರಳು ಬಿಡಿಸಿ, ಬಾಚಣಿಗೆ ಇಟ್ಟು, ಮತ್ತೆ ಬೆರಳು ಮಡಿಸ್ತಿದ್ದಳು. ನಾಲ್ಕು ಸಲ. ಬಂದ ಸಾಹೇಬ್ರು ಅವಳದ್ದೇ ಫೋಟೋ ತೆಗೆದ್ರು."

ಹನ್ನೆರಡು ದಿನ ಕಳೆದು ಪತ್ರ ಬಂತು. ಆಫೀಸಿನ ಪತ್ರಗಳೆಲ್ಲ ಇಂಗ್ಲಿಷಿನಲ್ಲೇ ಇರುತ್ತಿದ್ದವು. ಚಿಕ್ಕಮ್ಮನಿಗೆ ಬಂದದ್ದನ್ನು ಓದಿ ಹೇಳುವುದು ನನ್ನ ಪಾಲಿನ ಕೆಲಸ. ಲಕೋಟೆ ಒಡೆಯುವಾಗ ಅವರು, "ಹೊಸ ಆಯಾ ಯಾವತ್ತು ಬರ್ತಾಳಂತೆ ನೋಡು," ಎಂದರು. ಎರಡು ಸಾಲು ಓದಿ ಮತ್ತೆ ಮೊದಲಿನಿಂದ ಓದಿದೆ. ರೋಗಿಗಳನ್ನು ಅನ್‌ಕೆಂಪ್ಟ್ ಸ್ಥಿತಿಯಲ್ಲಿ ಇಟ್ಟದ್ದಕ್ಕಾಗಿ ಆಯಾಳನ್ನು ಕೆಲಸದಿಂದ ದೂರವಿಡಲಾಗಿದೆ, ಮುಂದಿನ ವಾರ ಬುಧವಾರ ವಿಚಾರಣೆಗೆ ಬರಬೇಕು. ಜೊತೆಗೆ ವಾರ್ಡಿನ ವರದಿಯ ನಕಲು. ಅದರಲ್ಲಿ ಅದೇ ಪದ ಮೂರು ಕಡೆ.

"ಅದೇನದು, ಮೂರು ಸಲ ನಿಂತೆ?" ಚಿಕ್ಕಮ್ಮ ಕೇಳಿದರು.

"ಕೊಳಕಾಗಿ ಇಟ್ಟಿದ್ದೀರಿ ಅಂತ."

ಅವರು ತಮ್ಮ ಎರಡೂ ಅಂಗೈ ತಿರುಗಿಸಿ ನೋಡಿಕೊಂಡರು. ಸೋಪುನೀರಿನಲ್ಲಿ ಬಿಳಚಿಕೊಂಡ ಕೈ. ಪ್ರತಿ ಶನಿವಾರ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೂವತ್ತೆರಡು ಬಾಚಣಿಗೆಗಳ ಹಲ್ಲುಸಂದು ತಿಕ್ಕಿದ ಕೈ. "ಸರಿಯಾಗಿ ನೋಡಿ ಹೇಳು ಮಗಾ. ಇಂಗ್ಲಿಷು ಅಂದ್ರೆ ಒಂದಿರುತ್ತೆ, ನಾವೊಂದು ತಿಳ್ಕೊಂಡಿರ್ತೀವಿ. ಕೊಳಕು ಅಂತಾನೇನಾ?"

ಮರುದಿನ ಮಗಳನ್ನು ಎದೆಗೆ ಕಟ್ಟಿಕೊಂಡು ಲೈಬ್ರರಿಗೆ ಹೋದೆ. ಮನೆಯ ನಿಘಂಟು ಚಿಕ್ಕದು, ಅರ್ಥ ಹೇಳಿ ಕೈತೊಳೆದುಕೊಳ್ಳುತ್ತದೆ. ಪದದ ಹುಟ್ಟು ಹೇಳುವ ದಪ್ಪ ಪುಸ್ತಕ ಅಲ್ಲಿ ಒಂದು ಮರದ ಪೀಠದ ಮೇಲಿತ್ತು. ಮಗಳು ಅದರ ಮೂಲೆಯನ್ನು ಬಾಯಿಗೆ ಹಾಕದ ಹಾಗೆ ಒಂದು ಕೈಯಲ್ಲಿ ತಡೆಯುತ್ತಾ, ಇನ್ನೊಂದು ಕೈಯಲ್ಲಿ ಹಾಳೆ ಮಗುಚಿದೆ. ಓದಿದ ಮೇಲೆ ಮತ್ತೊಮ್ಮೆ ಓದಿದೆ. ಚೀಟಿಯಲ್ಲಿ ಬರೆದುಕೊಂಡು ಬಂದೆ.

ಚಿಕ್ಕಮ್ಮ ಬೀನ್ಸಿನ ನಾರು ತೆಗೆಯುತ್ತಾ ಕೇಳಿಸಿಕೊಂಡರು.

"ಹಳೇ ಕಾಲದ ಇಂಗ್ಲಿಷಲ್ಲಿ ಬಾಚೋದಕ್ಕೆ ಕೆಂಬ್ ಅಂತಿದ್ರಂತೆ ಚಿಕ್ಕಮ್ಮ. ಕೆಂಪ್ಟ್ ಅಂದ್ರೆ ಬಾಚಿದ. ಅದರ ಮುಂದೆ ಅಲ್ಲ ಅನ್ನೋದು ಸೇರಿದ್ರೆ ಬಾಚದ. ಅಷ್ಟೇ. ಮೊದಲು ಬರೀ ತಲೆಗೂದಲಿಗೆ ಅಂತಿದ್ದದ್ದು. ಆಮೇಲೆ ಒರಟು ಮಾತಿಗೂ ಅಂದ್ರು, ಬಟ್ಟೆಗೆ ಅಂದ್ರು, ನೋಡಿಕೊಳ್ಳದ ತೋಟಕ್ಕೆ ಅಂದ್ರು, ಈಗ ಮನುಷ್ಯರಿಗೆ ಅಂತಾರೆ. ಬಾಚಣಿಗೆ ಅನ್ನೋ ಅವರ ಪದ ಇದೆಯಲ್ಲ, ಅದರ ಬೇರು ಇನ್ನೂ ಹಿಂದಕ್ಕೆ ಹೋದ್ರೆ ಹಲ್ಲು ಅಂತ ಅರ್ಥವಂತೆ."

"ಅವರೂ ಹಲ್ಲು ಅಂದ್ರಾ!" ಚಿಕ್ಕಮ್ಮನ ಮುಖ ಒಂದು ಕ್ಷಣ ಅರಳಿತು. "ಮತ್ತೆ ಆ ಇನ್ನೊಂದು, ಬಾಚಿದ ಅನ್ನೋದು? ಅದನ್ನ ಯಾರ ಬಗ್ಗೆ ಹೇಳ್ತಾರೆ?"

"ಅದು ಬಳಕೆಯಿಂದ ಬಿದ್ದುಹೋಯ್ತಂತೆ. ಬಾಚದ ಅನ್ನೋದು ಮಾತ್ರ ಉಳೀತು."

"ಉಳಿಯದೆ ಮತ್ತೆ? ಬಾಚಿದ ತಲೇನ ಯಾರು ನೋಡ್ತಾರೆ?" ಎಂದರು. ಬೀನ್ಸಿನ ತಟ್ಟೆ ಪಕ್ಕಕ್ಕಿಟ್ಟರು. "ಹಾಗಿದ್ರೆ ಆ ಪದ ಸುಳ್ಳು ಹೇಳಿಲ್ಲ ಬಿಡು. ಅವತ್ತು ಬಾಚಿರ್ಲಿಲ್ಲ. ಯಾಕೆ ಬಾಚಿರ್ಲಿಲ್ಲ ಅನ್ನೋದು ಅದಕ್ಕೆ ಹೇಗೆ ಗೊತ್ತಾಗ್ಬೇಕು. ಅದನ್ನ ಹುಡುಗಿ ಹೇಳ್ತಾಳೆ."

ಹುಡುಗಿ ಎಂದರೆ ನಾದಿನಿ. ವರದಿಯ ನಕಲನ್ನು ನಾನು ಮತ್ತೆ ತೆಗೆದು ನೋಡಿದೆ. ಕೆಳಗಿನ ಸಹಿಯ ಮೇಲೆ ಮೊಹರು ಬಿದ್ದು ಮಸಿಯಾಗಿತ್ತು. ಆದರೆ ಆ ಪದವನ್ನು ನಾನು ಜನ್ಮದಲ್ಲಿ ಒಬ್ಬರ ಬಾಯಲ್ಲಿ ಮಾತ್ರ ಕೇಳಿದ್ದೆ. ಟೀಚರ್ ಬಯ್ಯುತ್ತಿದ್ದ ಮಾತು. ಚಿಕ್ಕಮ್ಮನಿಗೆ ಹೇಳಲು ಬಾಯಿ ತೆರೆದೆ. ಅವರು ಬೀನ್ಸು ಮುರಿಯುತ್ತಾ, "ಪಾಪ, ಅವಳಿಗೂ ತಪಾಸಣೆಯವರು ಬೈದಿರ್ತಾರೆ. ಅದಕ್ಕೇ ಅವತ್ತಿನಿಂದ ಈ ಕಡೆ ಬಂದಿಲ್ಲ," ಎಂದರು. ನಾನು ವರದಿಯನ್ನು ಮಡಿಸಿ ಲಕೋಟೆಗೆ ಹಾಕಿದೆ.

ನಮ್ಮವರಿಗೆ ದಿನಚರಿ ತೋರಿಸಿ, ಇದನ್ನು ವಿಚಾರಣೆಗೆ ಒಯ್ಯುತ್ತೇನೆ ಎಂದೆ. ಓದಿ, ಮಡಿಸಿ, ಮೇಜಿನ ಮೇಲಿಟ್ಟರು. "ಅವಳ ಕೆಲಸಾನೂ ಹೋಗುತ್ತೆ ಕಣೇ."

"ಚಿಕ್ಕಮ್ಮನದ್ದು ಹೋಗ್ತಿದೆಯಲ್ಲ."

"ನನ್ನನ್ನ ನಡುವೆ ಎಳೀಬೇಡಿ. ಇಬ್ಬರೂ ನನ್ನೋರೇ," ಎಂದು ಎದ್ದು ಹೋದರು.

ಒಳಗಿನಿಂದ ಚಿಕ್ಕಮ್ಮ ಕೂಗಿದರು, "ಆ ಪುಸ್ತಕ ಮನೇಲಿರ್ಲಿ. ಅವಳ ಬಾಯಿಂದ ಬರೋ ಮಾತಿಗೆ ನಿನ್ನ ಪುಸ್ತಕ ಯಾಕೆ ಸಾಕ್ಷಿ? ನಾನು ಅವಳನ್ನ ನಂಬಿಲ್ಲ ಅಂತಾಗುತ್ತೆ."

ಅದಕ್ಕೇ ದಿನಚರಿ ಮನೆಯಲ್ಲಿ ಉಳಿಯಿತು.

ಸೂಪರಿಂಟೆಂಡೆಂಟರ ಕೋಣೆಯಲ್ಲಿ ಮೇಜಿನ ಈ ಕಡೆ ಮೂರು ಕುರ್ಚಿ. ಚಿಕ್ಕಮ್ಮ, ಮಗಳನ್ನೆತ್ತಿಕೊಂಡ ನಾನು, ಮತ್ತು ನಾದಿನಿ. ನಾದಿನಿ ಬಿಳಿ ಯೂನಿಫಾರ್ಮಿನಲ್ಲಿದ್ದಳು. ಮಗಳು ಅವಳನ್ನು ಕಂಡು ಕೈಚಾಚಿದಳು. ಅವಳು ಕಡತ ನೋಡುತ್ತಿದ್ದಳು. ಮೂಲೆಯಲ್ಲಿ ಗುಮಾಸ್ತರು ಟೈಪ್ ಮಾಡಲು ಕಾದಿದ್ದರು. ಮೇಜಿನ ಮೇಲೆ ಒಂಬತ್ತನೆಯವಳ ಫೋಟೋ. ಬಿಳಿಗೂದಲು ಮುಖಕ್ಕೆಲ್ಲ ಹರಡಿ, ಒಂದು ಕಣ್ಣು ಮಾತ್ರ ಕಾಣುತ್ತಿತ್ತು.

"ಅವತ್ತು ಯಾಕಮ್ಮ ಬಾಚಲಿಲ್ಲ?"

"ಬಾಚಬೇಡ ಅಂದ್ರು ಸಾರ್."

"ಯಾರು ಅಂದಿದ್ದು?"

ಚಿಕ್ಕಮ್ಮ ನಾದಿನಿಯ ಕಡೆ ತಿರುಗಿದರು. ಮಗು ಮೊದಲ ಹೆಜ್ಜೆ ಇಡುವಾಗ ನಾವು ಕೈಚಾಚಿ ಎದುರು ಕೂರುತ್ತೇವಲ್ಲ, ಹಾಗಿತ್ತು ಅವರ ಮುಖ. "ಅವರೇ ಹೇಳ್ತಾರೆ ಸಾರ್. ಹೇಳಿ ಸಿಸ್ಟರ್."

"ನಾನು ಹಾಗೆ ಹೇಳಿಲ್ಲ ಸಾರ್," ಎಂದಳು ನಾದಿನಿ. ಆಮೇಲೆ ದನಿ ತಗ್ಗಿಸಿ, ಬಹಳ ಮೆತ್ತಗೆ, "ಅವರು ನನ್ನ ಸಾಕಿದವರು. ಇದನ್ನ ಹೇಳೋದು ನಂಗೂ ಕಷ್ಟ. ಈಚೆಗೆ ಅವರಿಗೆ ಮರೆವು ಜಾಸ್ತಿಯಾಗಿದೆ. ಅವತ್ತೂ ಮರೆತಿದ್ದಾರೆ, ಅಷ್ಟೆ. ದಯವಿಟ್ಟು ಶಿಕ್ಷೆ ಕೊಡಬೇಡಿ ಸಾರ್, ವಿಶ್ರಾಂತಿ ಕೊಡಿ."

ಎಷ್ಟು ಚೆನ್ನಾಗಿ ಹೇಳಿದಳೆಂದರೆ ಸೂಪರಿಂಟೆಂಡೆಂಟರ ಮುಖದಲ್ಲಿ ಕರುಣೆ ಬಂತು. ಚಿಕ್ಕಮ್ಮನನ್ನು ಅಷ್ಟು ಹೊತ್ತೂ ತಪ್ಪಿತಸ್ಥಳಂತೆ ನೋಡುತ್ತಿದ್ದವರು ಈಗ ರೋಗಿಯನ್ನು ನೋಡುವ ಹಾಗೆ ನೋಡಿದರು. ನನ್ನತ್ತ ತಿರುಗಿ, "ನೀವು ಒಂದೇ ಮನೇಲಿರೋರು. ಮರೆವು ಇದೆಯಾ ಇವರಿಗೆ?" ಎಂದರು.

"ಎಲ್ಲರಿಗೂ ಇರೋಷ್ಟು ಸಾರ್. ಒಮ್ಮೊಮ್ಮೆ ಒಲೆ ಮೇಲೆ ಹಾಲಿಟ್ಟು..."

ಮೂಲೆಯಲ್ಲಿ ಟೈಪ್ ಮಾಡುವ ಸದ್ದು ಶುರುವಾಯಿತು. ನನ್ನ ವಾಕ್ಯ ಮುಗಿದಿರಲಿಲ್ಲ. ಆದರೆ ಅವರಿಗೆ ಬೇಕಾದಷ್ಟು ಸಿಕ್ಕಿತ್ತು. ಗಾಬರಿಯಾಗಿ, "ಆದ್ರೆ ಬಾಚಬೇಡ ಅಂದಿದ್ದನ್ನ ಇವರು ನನಗೆ ಮಂಗಳವಾರವೇ ಹೇಳಿದ್ರು ಸಾರ್. ನಾನು ಬರೆದಿಟ್ಟಿದ್ದೀನಿ," ಎಂದೆ.

"ತಂದಿದ್ದೀರಾ?"

"ಇಲ್ಲ."

"ಇರ್ಲಿ. ಇನ್ನೇನಾದ್ರೂ ಹೇಳೋದಿದ್ರೆ ಹತ್ತು ದಿನದೊಳಗೆ ಬರೆದು ಕೊಡಿ," ಎಂದು ಕಡತ ಮುಚ್ಚಿದರು.

ಬಸ್ಸಿನಲ್ಲಿ ಚಿಕ್ಕಮ್ಮ ಕಿಟಕಿಯ ಕಡೆ ಕೂತರು. ಮಗಳು ಅವರ ಕೈಬೆರಳು ಹಿಡಿದು ಎಳೆಯುತ್ತಿದ್ದರೂ ತಿರುಗಲಿಲ್ಲ. ನಮ್ಮ ನಿಲ್ದಾಣಕ್ಕೆ ಇನ್ನೆರಡು ಇರುವಾಗ, ತಮಗೆ ತಾವೇ ಹೇಳಿಕೊಂಡ ಹಾಗೆ, "ಅವಳಿಗೆ ಟೈಫಾಯ್ಡ್ ಬಂದಾಗ ಕೂದಲು ತೆಗೆಸಿ ಅಂದ್ರು ಡಾಕ್ಟ್ರು. ನಾನು ತೆಗೆಸ್ಲಿಲ್ಲ. ದಿನಾ ಒಂದೊಂದೇ ಎಳೆ ಬಿಡಿಸ್ದೆ," ಎಂದರು.

ಮುಂದಿನದನ್ನು ಬರೆಯಲು ಇಷ್ಟವಿಲ್ಲ. ಆದರೂ ಬರೆಯುತ್ತೇನೆ.

ಮರುದಿನ ನಾನು ಬಟ್ಟೆ ಒಣಹಾಕುತ್ತಿದ್ದೆ. ಒಳಗೆ ಚಿಕ್ಕಮ್ಮ ಮಗಳಿಗೆ ಪುಡಿಹಾಲು ಕಲಸುತ್ತಿದ್ದರು, ಎಂಟು ತಿಂಗಳಿಂದ ಕಲಸಿದ ಹಾಗೇ. ನಾನು ಒಳಗೆ ಬಂದು, "ಎಷ್ಟು ಚಮಚ ಹಾಕಿದ್ರಿ?" ಎಂದೆ. "ಮೂರು," ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಕುದಿಸಿದ ನೀರೇ ತಾನೆ?" ಎಂದೆ. ಅವರು ತಲೆಯಾಡಿಸಿದರು. ಅಂಗಡಿಗೆ ಹೊರಟಾಗ ಹೊರಗೆ ಉರಿಬಿಸಿಲು. ಯಾವಾಗಲೂ ಮಗಳನ್ನು ಅವರ ಬಳಿ ಬಿಟ್ಟು ಹೋಗುವವಳು ಅಂದು ಅವಳನ್ನು ಎತ್ತಿಕೊಂಡೆ.

"ಬಿಸಿಲಲ್ಲಿ ಮಗು ಯಾಕೆ?"

"ಪರವಾಗಿಲ್ಲ ಚಿಕ್ಕಮ್ಮ, ಜೊತೆಗಿರ್ಲಿ."

ಅವರು ಹಾಲಿನ ಬಾಟಲಿ ಹಿಡಿದುಕೊಂಡು ನಿಂತಿದ್ದರು. "ನೀನೂ ನಂಬಿಬಿಟ್ಯಾ?" ಎಂದರು.

ಇಲ್ಲ ಚಿಕ್ಕಮ್ಮ ಎಂದೆ. ಬಾಯಲ್ಲಿ ಎಂದೆ. ಮಗಳನ್ನು ಕೆಳಗಿಳಿಸಲು ಮಾತ್ರ ನನ್ನ ಕೈಗೆ ಆಗಲಿಲ್ಲ. ಮಂಗಳವಾರ ಅವರು ಆಡಿದ ಮಾತು ನನ್ನದೇ ಅಕ್ಷರದಲ್ಲಿ ಮನೆಯಲ್ಲಿತ್ತು. ಅವರು ಮರೆತಿಲ್ಲವೆಂದು ವಿಚಾರಣೆಯ ಕೋಣೆಯಲ್ಲಿ ಗೊತ್ತಿದ್ದವರು ಇಬ್ಬರು, ನಾದಿನಿ ಮತ್ತು ನಾನು. ಅವಳು ಗೊತ್ತಿದ್ದೂ ಹೇಳಲಿಲ್ಲ. ನಾನು ಗೊತ್ತಿದ್ದೂ ಚಮಚ ಎಣಿಸಿದೆ.

ಭಾನುವಾರ ನಾದಿನಿ ಬಂದಳು, ಒಂದು ಚೀಲ ಹಣ್ಣು ಹಿಡಿದುಕೊಂಡು. ಚಿಕ್ಕಮ್ಮ ಒಳಕೋಣೆಯಲ್ಲಿ ಮಲಗಿದ್ದರು. ನಾನು ಅವಳನ್ನು ಮೆಟ್ಟಿಲ ಬಳಿಯೇ ನಿಲ್ಲಿಸಿ ದಿನಚರಿಯ ಆ ಪುಟ ಮುಂದೆ ಹಿಡಿದೆ. ಓದಿದಳು. ಸಿಟ್ಟಾಗಲಿಲ್ಲ, ಅಳಲಿಲ್ಲ.

"ಗೊತ್ತು ಅತ್ತಿಗೆ. ನಾನು ಹೇಳಿದ್ದು ನನಗೆ ಗೊತ್ತಿಲ್ವಾ?"

"ಮತ್ತೆ?"

"ಒಳ್ಳೇದಕ್ಕೇ ಹೇಳಿದ್ದೆ. ದೇವರಾಣೆ, ಇನ್ನೊಬ್ಬ ಆಯಾ ಸಿಗ್ಲಿ ಅಂತಲೇ. ಬಂದವರು ಉರಿದುಬಿದ್ರು. ಇದಕ್ಕೆ ಯಾರು ಹೊಣೆ, ಈಗಲೇ ಬರೀರಿ ಅಂದ್ರು. ಪೆನ್ನು ಕೈಗೆ ಕೊಟ್ರು. ನಾನೇ ಬಾಚಬೇಡ ಅಂದೆ ಅಂತ ಹೇಗೆ ಬರೀಲಿ? ಬಾಯಿಗೆ ಬಂದ ಪದ ಬರೆದೆ." ಅವಳು ಹಣ್ಣಿನ ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು. "ನನಗಿನ್ನೂ ಇಪ್ಪತ್ತೈದು ವರ್ಷ ಕೆಲಸ ಇದೆ. ಚಿಕ್ಕಮ್ಮಂಗೆ ಒಂದೂವರೆ ವರ್ಷ. ನೀವೇ ಹೇಳಿ."

"ಹಾಗಾದ್ರೆ ಮರೆವು ಯಾಕೆ ಸೇರಿಸ್ದೆ?"

"ಕೊಳಕು ಅಂತ ಕಳಿಸೋದಕ್ಕಿಂತ ವಯಸ್ಸಾಯ್ತು ಅಂತ ಕಳಿಸಿದ್ರೆ ಮರ್ಯಾದೆ ಅಲ್ವಾ ಅತ್ತಿಗೆ?"

ಹಿಂದಿನಿಂದ ಚಿಕ್ಕಮ್ಮನ ದನಿ ಬಂತು. ಯಾವಾಗ ಎದ್ದು ಬಂದರೋ, ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. "ವಾರ್ಡಲ್ಲಿ ಹೇಗಿದ್ದಾರೆ?"

ನಾದಿನಿ ತಬ್ಬಿಬ್ಬಾದಳು. "ಚೆನ್ನಾಗಿದ್ದಾರೆ ಚಿಕ್ಕಮ್ಮ. ಎಲ್ಲರಿಗೂ ಕ್ರಾಪು ಮಾಡಿಸಿದ್ವಿ. ಈಗ ಅರ್ಧ ಗಂಟೇಲಿ ಎಲ್ಲರ ತಲೆ ಒರೆಸಿ ಮುಗಿಸಬಹುದು."

"ಒಂಬತ್ತನೆಯವಳು?"

"ಸ್ವಲ್ಪ ಅತ್ತಳು ಅವತ್ತು. ಮರೆತಿದ್ದಾಳೆ ಬಿಡು."

"ಅವಳೂ ಮರೆತಳಾ," ಎಂದರು ಚಿಕ್ಕಮ್ಮ. ಆಮೇಲೆ, ಬಂದ ನೆಂಟರಿಗೆ ಹೇಳುವ ಹಾಗೆ, "ಕೂತ್ಕೊಳ್ಳಿ, ಟೀ ಮಾಡ್ತಾಳೆ," ಎಂದು ಒಳಗೆ ಹೋದರು. ಕೂತ್ಕೊಳ್ಳಿ ಎಂದದ್ದು ಕೇಳಿ ನಾದಿನಿಯ ಮುಖ ಮೊದಲ ಸಲ ಬಿಳಿಚಿತು. ಟೀ ಕುಡಿಯದೆ ಹೋದಳು.

ಮರುದಿನ ಬೆಳಿಗ್ಗೆ ಪಾತ್ರೆ ತೊಳೆಯುತ್ತಿದ್ದ ನನ್ನ ಬಳಿ ಬಂದು ಚಿಕ್ಕಮ್ಮ, "ಕೈ ಒರೆಸ್ಕೋ. ಕಾಗದ ತಗೋ. ಹತ್ತು ದಿನ ಅಂದಿದ್ರಲ್ಲ, ಈ ಶನಿವಾರಕ್ಕೆ ಮುಗಿಯುತ್ತೆ," ಎಂದರು. ಲೆಕ್ಕ ಒಂದು ದಿನವೂ ತಪ್ಪಿರಲಿಲ್ಲ.

ನಾನು ಮಗಳನ್ನು ಅವರ ಮಡಿಲಿಗೆ ಕೊಟ್ಟು ಬರೆಯಲು ಕೂತೆ.

"ಕೆಲಸ ವಾಪಸ್ ಕೊಡಿ ಅಂತ ಬರೀಬೇಡ," ಎಂದರು. "ಇನ್ನು ಅಲ್ಲಿ ನನಗೇನು ಕೆಲಸ, ಬಾಚೋಕೆ ಕೂದಲೇ ಇಲ್ಲ. ಆ ಇಂಗ್ಲಿಷ್ ಪದಾನೂ ತೆಗೀರಿ ಅನ್ಬೇಡ. ಅವತ್ತು ಬಾಚಿರ್ಲಿಲ್ಲ, ಇರ್ಲಿ ಅದು. ಮರೆತಳು ಅಂತ ಬರೆದಿದ್ದಾರಲ್ಲ, ಅದು ಸುಳ್ಳು ಅಂತ ಬರಿ. ಇಪ್ಪತ್ತೇಳು ವರ್ಷದಲ್ಲಿ ಒಂದು ದಿನಾನೂ ಮರೆತಿಲ್ಲ. ಆ ಒಂದು ದಿನ ಹೇಳಿದ್ದಕ್ಕೆ ಬಿಟ್ಟೆ."

ದಿನಚರಿಯ ಪುಟವನ್ನು ತಾರೀಖಿನ ಸಮೇತ ನಕಲು ಮಾಡಿದೆ. ವಿಚಾರಣೆಯಲ್ಲಿ ನಾನು ಅರ್ಧ ಹೇಳಿದ ಮಾತನ್ನು ಪೂರ್ತಿ ಮಾಡಿ ಬರೆದೆ: ಹಾಲು ಉಕ್ಕಿದ್ದು ನಿಜ, ಅಂದು ಅಳುತ್ತಿದ್ದ ನನ್ನ ಮಗುವನ್ನು ಎತ್ತಿಕೊಳ್ಳಲು ಅವರು ಓಡಿದ್ದರು. ಎಲ್ಲ ಮುಗಿಸಿ ಓದಿ ಹೇಳಿದೆ.

"'ನಾನು ಸಾಕಿ ಬೆಳೆಸಿದ ಮಗಳಾದ ಇನ್‌ಚಾರ್ಜ್ ನರ್ಸು ಅಂದು ಬಾಚಬೇಡವೆಂದು ನನಗೆ ಹೇಳಿದ್ದರು...'"

"ನಿಲ್ಲು," ಎಂದರು.

ಹೆದರಿಕೊಂಡರೇನೋ, ಆ ಸಾಲನ್ನೇ ತೆಗೆ ಎನ್ನುತ್ತಾರೇನೋ ಎಂದುಕೊಂಡೆ. ಮಗಳು ಅವರ ಕೊರಳ ಸರ ಹಿಡಿದು ಜಗ್ಗುತ್ತಿದ್ದಳು. ಒಂದೊಂದೇ ಬೆರಳು ಬಿಡಿಸಿ, ಆ ಪುಟ್ಟ ಕೈಯನ್ನು ತಮ್ಮ ಅಂಗೈಯಲ್ಲಿ ಮುಚ್ಚಿಕೊಂಡರು.

"ಸಾಕಿದ್ದು, ಬೆಳೆಸಿದ್ದು, ಮಗಳು, ಅದೆಲ್ಲ ಆಫೀಸಿನ ಕಾಗದದಲ್ಲಿ ಯಾಕೆ?" ಎಂದರು. "ಹೊಡೆದುಹಾಕು. ಹುದ್ದೆ ಒಂದೇ ಇರ್ಲಿ."

ಹೊಡೆದುಹಾಕಿದೆ. ಹೊಸ ಹಾಳೆಯಲ್ಲಿ ಮತ್ತೆ ಚೆನ್ನಾಗಿ ಬರೆದು ಮುಂದಿಟ್ಟೆ. ಅವರು ಆ ಸಾಲಿನ ಮೇಲೆ ಬೆರಳಿಟ್ಟು, ಅಕ್ಷರ ಕೂಡಿಸಿ, ಇನ್‌ಚಾರ್ಜ್ ನರ್ಸು ಎಂದು ತಾವೇ ಎರಡು ಸಲ ಓದಿಕೊಂಡರು. ಆಮೇಲೆ ಸಹಿ ಹಾಕಿದರು.